ಎರಡು ಭಾಷೆಯ ಒಬ್ಬ ಅವ್ವ



ನಮ್ಮ ಕಂಬದೂರು ಸೀಮೆಯಲ್ಲಿ ‘ಅವ್ವಾ’ ಎಂದು ಕೂಗಿದರೆ ಇಬ್ಬರು ಓಗೊಡುತ್ತಾರೆ. ಕನ್ನಡದ ಮನೆಯಲ್ಲಿ ಅವ್ವ ಎಂದರೆ ಹೆತ್ತ ತಾಯಿ, ತೆಲುಗಿನ ಮನೆಯಲ್ಲಿ ಅಜ್ಜಿ. ಎರಡೂ ಭಾಷೆ ಆಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮಗ-ಸೊಸೆ ದುಡಿಯಲು ಬೆಂಗಳೂರಿಗೆ ಹೋದ ಮನೆಯಲ್ಲಿ ಎರಡು ಅರ್ಥವೂ ಒಬ್ಬ ಮುದುಕಿಯ ಹೆಗಲಿಗೇ ಬೀಳುತ್ತವೆ. ಈ ಹೊರೆಗೂ ಒಂದು ಚರಿತ್ರೆಯಿದೆ.

ನಮ್ಮದು ನೊಳಂಬರು ಆಳಿದ ನಾಡು. ಅವರ ರಾಜಧಾನಿ ಹೇಮಾವತಿಯ ಶಾಸನಕಂಬದಲ್ಲಿ ಅರಸರ ವಂಶಾವಳಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಮೊಮ್ಮಕ್ಕಳಿಗೆ ಗಂಜಿ ಕುಡಿಸಿದವರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಸರಕಾರದ ಕಾಗದದಲ್ಲೂ ಹಾಗೆಯೇ ಆಯಿತು. 1876ರಿಂದ 1878ರವರೆಗೆ ಧಾತು ಬರ ಬಂದಾಗ ನಮ್ಮ ಊರುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅನಂತಪುರ ಜಿಲ್ಲೆ ಆದದ್ದು 1882ರಲ್ಲಿ. ಆ ಬರದ ನಂತರ ಬಂದ ಕ್ಷಾಮ ನಿಯಮಗಳು ಜನರನ್ನು ಎರಡು ಭಾಗ ಮಾಡಿದವು. ಕೈಲಾಗುವವರಿಗೆ ಕೂಲಿ, ಕೈಲಾಗದ ಮುದುಕರಿಗೂ ಮಕ್ಕಳಿಗೂ ಧರ್ಮದ ಅನ್ನ. ಆ ಮುದುಕಿ ಮನೆಯಲ್ಲಿ ಮೊಮ್ಮಗುವನ್ನು ಸಾಕುತ್ತಿದ್ದರೂ ಅದು ಕೆಲಸವೆನಿಸಲಿಲ್ಲ.

ಮಳೆಯಂತೂ ಇಂದಿಗೂ ಅಷ್ಟೇ. ಮುಂಗಾರಿಗೆ ಪಶ್ಚಿಮ ಘಟ್ಟ ಅಡ್ಡ, ಹಿಂಗಾರಿಗೆ ಕಡಲು ದೂರ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಸರಾಸರಿ. ಅದೂ ಹೊತ್ತಿಗೆ ಬರುವುದಿಲ್ಲ. ಶೇಂಗಾ ಕೈಕೊಟ್ಟ ವರ್ಷ ಪ್ರಾಯದವರು ಗಂಟುಮೂಟೆ ಕಟ್ಟುತ್ತಾರೆ. ಶಾಲೆ ತಪ್ಪಬಾರದೆಂದು ಮಕ್ಕಳನ್ನು ಅಜ್ಜಿ-ತಾತನ ಬಳಿ ಬಿಡುತ್ತಾರೆ.

ಉದ್ಯೋಗ ಖಾತರಿ ಯೋಜನೆಗೆ 2006ರ ಫೆಬ್ರವರಿ 2ರಂದು ಚಾಲನೆ ಸಿಕ್ಕಿದ್ದು ನಮ್ಮ ಜಿಲ್ಲೆಯ ಬಂಡ್ಲಪಲ್ಲಿಯಲ್ಲೇ. 2005ರ ಆ ಕಾಯಿದೆಯಲ್ಲಿ ಒಂದು ಒಳ್ಳೆಯ ಮಾತಿತ್ತು: ಕೆಲಸದ ಜಾಗಕ್ಕೆ ತಾಯಂದಿರ ಜೊತೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ನೋಡಿಕೊಳ್ಳಲು ಒಬ್ಬಾಕೆಯನ್ನು ಇಟ್ಟು ಅವಳಿಗೂ ಕೂಲಿ ಕೊಡಬೇಕು. ಅಂದರೆ ಮಕ್ಕಳನ್ನು ನೋಡಿಕೊಳ್ಳುವುದೂ ದುಡಿಮೆಯೇ ಎಂದು ಕಾನೂನು ಒಪ್ಪಿತು. ಮನೆಯ ಅಜ್ಜಿಗೆ ಮಾತ್ರ ಆ ಲೆಕ್ಕ ತಲುಪಲಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಮೊಮ್ಮಗನ ಹೆಸರಿನಲ್ಲಿ ಖಾತೆ ತೆರೆಯಲು ಬಂದ ಅಜ್ಜಿಯರನ್ನು ಕಂಡಿದ್ದೇನೆ. ‘ಸಾಕುತ್ತಿರುವವಳು ನಾನೇ, ನನ್ನ ಹೆಬ್ಬೆಟ್ಟು ಯಾಕೆ ಬೇಡ ಸ್ವಾಮಿ?’ ಎಂಬುದು ಅವರ ಪ್ರಶ್ನೆ. 1956ರ ಹಿಂದೂ ಕಾಯಿದೆಯ ಪ್ರಕಾರ ಅಪ್ರಾಪ್ತರಿಗೆ ಸಹಜ ಪೋಷಕರು ತಂದೆ, ಆಮೇಲೆ ತಾಯಿ. ಅಜ್ಜಿ-ತಾತ ಆ ಸಾಲಿನಲ್ಲಿಲ್ಲ. ತಂದೆತಾಯಿ ಇಬ್ಬರೂ ಇಲ್ಲದ ಮಗುವಿಗೂ 1890ರ ಕಾಯಿದೆಯಂತೆ ನ್ಯಾಯಾಲಯದಿಂದ ಪೋಷಕತ್ವ ಪಡೆಯಬೇಕು. ಸಾಕುವ ಕೈಗೆ ಸಹಿಯ ಹಕ್ಕಿಲ್ಲ.

ಆದರೆ 2007ರ ಹಿರಿಯ ನಾಗರಿಕರ ಕಾಯಿದೆ ಇನ್ನೊಂದು ಕಡೆಯಿಂದ ಬಾಗಿಲು ತೆರೆಯಿತು. ಅದರಲ್ಲಿ ‘ಮಕ್ಕಳು’ ಎಂದರೆ ಪ್ರಾಯಕ್ಕೆ ಬಂದ ಮೊಮ್ಮಕ್ಕಳೂ ಸೇರುತ್ತಾರೆ. ತಮ್ಮನ್ನು ತಾವೇ ನೋಡಿಕೊಳ್ಳಲಾಗದ ಅಜ್ಜಿ-ತಾತ ಅವರಿಂದ ಜೀವನಾಂಶ ಕೇಳಬಹುದು.

ಹಾಗೆಂದು ನ್ಯಾಯಮಂಡಳಿಯ ಮೆಟ್ಟಿಲು ಹತ್ತುವ ಗತಿ ಅವರಿಗೆ ಬರಬಾರದು. ಸುಗ್ಗಿ ಕೈತಪ್ಪಿ ಊರು ಬಿಡುವವರೇ, ಹೊರಡುವ ಮುನ್ನ ಮಗುವಿನ ಖಾತೆಯನ್ನು ನೀವೇ ತೆರೆದು ಹೋಗಿ. ಯಾರ ವಶಕ್ಕೆ ಬಿಟ್ಟಿದ್ದೀರೆಂದು ಶಾಲೆಗೆ ಬರೆದುಕೊಡಿ. ಮನೆಖರ್ಚಿನ ಹಣವನ್ನು ಅಜ್ಜಿಯ ಸ್ವಂತ ಖಾತೆಗೇ ಕಳಿಸಿ. ಪಿಂಚಣಿಯ ದುಡ್ಡು ಅವರ ಔಷಧಿಗೆ ಉಳಿಯಲಿ.