ಪೀಠವೂ ಪುರುಷನೂ

ಧರ್ಮಪೀಠವನ್ನೇರಿದವರ ಚಿತ್ರವನ್ನು ಬರೆಯುವುದು ಸುಲಭವಾದ ಕಾರ್ಯವಲ್ಲ. ಭಕ್ತನು ಪಟದಲ್ಲಿ ಪೀಠದ ಮಹಿಮೆಯನ್ನು ಅರಸುವನು. ಚಿತ್ರಕಾರನ ಕಣ್ಣಿಗಾದರೋ ಎದುರಿಗೆ ಕುಳಿತ ಮನುಷ್ಯನು ಗೋಚರಿಸುವನು. ಇವೆರಡರಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ರೋಮಿನ ಪೋಪರ ಎರಡು ಭಾವಚಿತ್ರಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡೋಣ.

ಮೊದಲನೆಯದು ರಾಫೇಲನು ಬರೆದ ಎರಡನೆಯ ಜೂಲಿಯಸನ ಚಿತ್ರ. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಈ ಪೋಪನು ತಾನೇ ಸೈನ್ಯದೊಡನೆ ದಂಡೆತ್ತಿ ಹೋದ ಉಗ್ರಸ್ವಭಾವದವನು. ಆದರೆ ಪಟದಲ್ಲಿ ನಾವು ಕಾಣುವುದು ದೃಷ್ಟಿಯನ್ನು ತಗ್ಗಿಸಿ ಚಿಂತಾಮಗ್ನನಾದ, ಬಿಳಿಯ ಗಡ್ಡದ ಮುದುಕನನ್ನು. 1511ರಲ್ಲಿ ಬೊಲೊನ್ಯ ನಗರವು ಅವನ ಕೈತಪ್ಪಿ ಹೋಯಿತು. ಆ ಸಂಕಟದ ಕಾಲದಲ್ಲಿ ಧರಿಸಿದ್ದ ಗಡ್ಡವನ್ನು ಅವನು 1512ರ ಮಾರ್ಚಿಯಲ್ಲಿ ತೆಗೆಸಿದನು. ಚಿತ್ರದ ಕಾಲವನ್ನು ನಿರ್ಣಯಿಸಲು ವಿದ್ವಾಂಸರಿಗೆ ಈ ಗಡ್ಡವೇ ಆಧಾರ. ಒಂದು ಕೈಯಲ್ಲಿ ಕರವಸ್ತ್ರ. ಇನ್ನೊಂದು ಕುರ್ಚಿಯ ತೋಳನ್ನು ಬಿಗಿಹಿಡಿದಿದೆ. ಪೀಠವು ಭವ್ಯವಾಗಿಯೇ ಇದೆ, ಕುಳಿತವನು ದಣಿದಿರುವನು. ಆದರೂ ಜನರು ಈ ಪಟವನ್ನು ಕಂಡು, ಸಜೀವನಾದ ಪೋಪನೇ ಎದುರಿಗಿರುವನೋ ಎಂಬಂತೆ ಅಂಜುತ್ತಿದ್ದರೆಂದು ವಸಾರಿಯು ಬರೆದಿರುವನು.

ಎರಡನೆಯದು ಹತ್ತನೆಯ ಇನೊಸೆಂಟನದು. ಸ್ಪೇನಿನ ದೊರೆ ನಾಲ್ಕನೆಯ ಫಿಲಿಪನ ಚಿತ್ರಕಾರನಾದ ವೆಲಾಸ್ಕೆಸನು ಕಲಾಕೃತಿಗಳ ಸಂಗ್ರಹಕ್ಕಾಗಿ ರೋಮಿಗೆ ಬಂದಿದ್ದಾಗ, 1650ರಲ್ಲಿ ಇದನ್ನು ಬರೆದನು. ಅದಕ್ಕೆ ಮೊದಲು ಕೈಸಾಧನೆಗೆಂದು, ತನ್ನ ದಾಸನೇ ಆಗಿದ್ದ ಹ್ವಾನ್ ದೆ ಪರೇಹಾ ಎಂಬವನ ಚಿತ್ರವನ್ನು ಬರೆದನೆಂದು ಹೇಳುವರು. ತಲೆಯೆತ್ತಿ ನಿಂತ ಆ ದಾಸನ ಗಾಂಭೀರ್ಯವು ಯಾವ ಅರಸನಿಗೂ ಕಡಮೆಯಲ್ಲ. ಅವನಿಗೆ ಬಿಡುಗಡೆಯ ಪತ್ರವು ದೊರೆತದ್ದೂ ಅದೇ ವರ್ಷದಲ್ಲಿಯೆ. ಅನಂತರ ಅದೇ ಕುಂಚವು ಪೋಪನ ಮುಂದೆ ನಿಂತಿತು. ಕೆಂಪು ಟೊಪ್ಪಿಗೆ, ಕೆಂಪು ಮೇಲುಡುಪು, ಕೆಂಪು ಪರದೆ. ಇವುಗಳ ನಡುವೆ ಬಿಗಿದ ತುಟಿಗಳು, ಎದುರಿಗಿದ್ದವನ ಅಂತರಂಗವನ್ನು ಶೋಧಿಸುವ ಸಂಶಯದ ನೋಟ. ಎಪ್ಪತ್ತೈದರ ವೃದ್ಧನ ಆ ಮುಖದಲ್ಲಿ ಸೌಮ್ಯತೆಯ ಸೋಂಕೂ ಇಲ್ಲ. ಪೋಪನು ಪಟವನ್ನು ನೋಡಿ, ಇದರಲ್ಲಿ ಸತ್ಯವು ಅತಿಯಾಯಿತೆಂದನಂತೆ. ಇದು ಐತಿಹ್ಯವಿರಬಹುದು. ಆದರೆ ಪಟವು ನಾಶವಾಗದೆ ಅವನ ಮನೆತನದವರಲ್ಲಿಯೇ ಉಳಿದು, ರೋಮಿನ ದೋರಿಯಾ ಪಾಂಫಿಲಿ ಚಿತ್ರಶಾಲೆಯಲ್ಲಿ ಇಂದಿಗೂ ಇರುವುದು ಐತಿಹ್ಯವಲ್ಲ.

ದಾಸನಲ್ಲಿ ಅರಸುತನವನ್ನೂ ಧರ್ಮಾಧಿಪತಿಯಲ್ಲಿ ಮಾನವತನವನ್ನೂ ಕಂಡದ್ದು ಒಂದೇ ಕಣ್ಣು. ಅದನ್ನು ಕಂಡಂತೆಯೇ ಬರೆಯಲು ಧೈರ್ಯ ಬೇಕು. ಬರೆದುದನ್ನು ಒಪ್ಪಿ ಉಳಿಸಿಕೊಳ್ಳಲು ಬೇಕಾದ ಧೈರ್ಯವೂ ಅಲ್ಪವಲ್ಲ. ಚಿತ್ರಕಾರನನ್ನು ಹೊಗಳುವ ನಾವು, ಅವನೆದುರು ಕುಳಿತ ಆ ವೃದ್ಧನಿಗೂ ಸಲ್ಲಬೇಕಾದುದನ್ನು ಸಲ್ಲಿಸುವುದು ನ್ಯಾಯ.