ಉತಾರದ ಕಟ್ಟು: ಹಾನಗಲ್ಲ ಸೀಮೆಯ ಭೂದಾಖಲೆಗಳ ಸಂಗ್ರಹ ಮತ್ತು ವಿತರಣೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ರೈತರು ಹೊಲದ ದಾಖಲೆಯ ನಕಲಿಗೆ ಇಂದಿಗೂ ‘ಉತಾರ’ವೆಂದೇ ಹೇಳುವರು. ಹಳೆಯ ಮೈಸೂರಿನ ‘ಪಹಣಿ’ ಇಲ್ಲಿಯ ಕಚೇರಿಗಳಿಗೆ ಬಂದರೂ ಮುಂಬಯಿ ಆಳ್ವಿಕೆಯ ಮಾತು ಬಾಯಿಂದ ಹೋಗಿಲ್ಲ. ಈ ಹಾಳೆಯು ಯಾರ ಬಳಿ ಇರುತ್ತಿತ್ತು, ಬೇಕಾದವನ ಕೈಗೆ ಹೇಗೆ ತಲುಪುತ್ತಿತ್ತು ಎಂಬುದನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ದಾನಭೂಮಿಯ ವಿವರವನ್ನು ಕಲ್ಲಿನಲ್ಲಿ ಕೆತ್ತಿಸಿ ದೇವಾಲಯದ ಮುಂದೆ ನಿಲ್ಲಿಸಿದ ಕಾಲದಲ್ಲಿ ಪ್ರತಿ ಒಂದೇ ಆದರೂ ಅದು ಓದಬಲ್ಲವರೆಲ್ಲರಿಗೂ ತೆರೆದಿದ್ದಿತು. ಕಾಗದಕ್ಕೆ ಆ ಗುಣವಿಲ್ಲ. 1840ರ ದಶಕದ ಮೋಜಣಿಯ ತರುವಾಯ ಹಾಗೂ 1903ರ ಹಕ್ಕುದಾಖಲೆಯ ಕಾಯಿದೆಯ ಬಳಿಕ ಊರೂರಿನ ದಪ್ತರವು ಬೆಳೆಯಿತು. ಅರಿವೆಯಲ್ಲಿ ಸುತ್ತಿದ ಆ ಕಟ್ಟು ಗ್ರಾಮದ ಲೆಕ್ಕದವನ ವಶದಲ್ಲಿರುತ್ತಿತ್ತು. ಕುಲಕರ್ಣಿ ವತನವು 1950ರ ಕಾಯಿದೆಯಿಂದ ರದ್ದಾಯಿತು, ತಲಾಠಿ ಬಂದನು, 1964ರ ಭೂಕಂದಾಯ ಕಾಯಿದೆಯಿಂದ ಗ್ರಾಮಲೆಕ್ಕಿಗನಾದನು. ಕಟ್ಟು ಮಾತ್ರ ಒಬ್ಬನ ಕೈಯಲ್ಲಿಯೇ ಉಳಿಯಿತು. (1948ರವರೆಗೆ ನವಾಬರ ಆಳ್ವಿಕೆಯಲ್ಲಿದ್ದ ಸವಣೂರು ಸಂಸ್ಥಾನದ ಹಳ್ಳಿಗಳ ಚರಿತ್ರೆ ಬೇರೆಯಾದುದು.)

ಇದರ ಪರಿಣಾಮ ಸಣ್ಣದಲ್ಲ. ದಾಖಲೆಯಲ್ಲಿ ಬರೆದುದನ್ನು, ಸುಳ್ಳೆಂದು ಸಿದ್ಧವಾಗುವವರೆಗೆ, ನಿಜವೆಂದೇ ಕಾನೂನು ಭಾವಿಸುತ್ತದೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ನ್ಯಾಯಮಂಡಳಿಯ ಮುಂದೆ ನಿಂತಾಗ ಸಾಗುವಳಿಯ ಕಲಮಿನಲ್ಲಿ ಹೆಸರಿದ್ದವನ ವಾದಕ್ಕೆ ಬಲವಿದ್ದಿತು. ತಲೆಮಾರುಗಳಿಂದ ಉತ್ತರೂ ಹೆಸರಿಲ್ಲದವನು ಸಾಕ್ಷಿಗಳನ್ನು ಹುಡುಕಬೇಕಾಯಿತು. ಅವನು ಆ ಹಾಳೆಯನ್ನು ಮೊದಲೇ ಕಂಡಿದ್ದರೆ!

ಸುಮಾರು 2000ದಿಂದ 2002ರೊಳಗೆ ‘ಭೂಮಿ’ ಯೋಜನೆಯು ರಾಜ್ಯದ 177 ತಾಲ್ಲೂಕುಗಳಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ಇಷ್ಟನ್ನು ಹಾಳೆಗೊಂದರಂತೆ ಒಮ್ಮೆ ಅಚ್ಚಿಸಿದರೂ 500 ಹಾಳೆಯ 40,000 ರೀಮುಗಳಾಗುತ್ತವೆ, ಇಡಲು ಸ್ಥಳವೆಲ್ಲಿ? ಆದುದರಿಂದ ಬೇಡಿದ ಹಾಳೆಯನ್ನು ಬೇಡಿದಾಗ ಮಾತ್ರ, ಆರಂಭದಲ್ಲಿ 15 ರೂಪಾಯಿಗೆ, ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಅಚ್ಚಿಸಿ ಕೊಡುವ ಕ್ರಮ ಬಂದಿತು. ಕೈಬರಹದ ಉತಾರದ ಮಾನ್ಯತೆ ನಿಂತಿತು. ಯಂತ್ರಕ್ಕಿಂತ ಈ ಕೊನೆಯ ತೀರ್ಮಾನವೇ ಹೆಚ್ಚು ಕ್ರಾಂತಿಕಾರಿಯೆಂದು ನಾವು ತಿಳಿಯುತ್ತೇವೆ. ಏಕೆಂದರೆ ಎರಡು ಪ್ರತಿಗಳು ಸಮನಾಗಿ ಮಾನ್ಯವಾಗಿದ್ದರೆ ಹಳೆಯ ಕಟ್ಟಿನ ಒಡೆತನವು ಮುಂದುವರಿಯುತ್ತಿತ್ತು.

ಆದರೂ ಹೆಸರೊಂದು ತಪ್ಪಾಗಿ ಯಂತ್ರಕ್ಕೆ ಏರಿದಲ್ಲಿ ತಿದ್ದುಪಡಿಗೆ ಹಳೆಯ ಪುಸ್ತಕವನ್ನೇ ತೆರೆಯಬೇಕು. ಹೊಡೆದುಹಾಕಿದ ಹೆಸರು, ಬೇರೆ ಮಸಿಯ ಸೇರ್ಪಡೆ, ಅಂಚಿನ ಷರಾ ಇವು ಅಚ್ಚಿನ ಹಾಳೆಯಲ್ಲಿ ಕಾಣವು. ಗೇಣಿದಾರನು ಯಾವ ವರ್ಷ ಕಲಮಿನಿಂದ ಮರೆಯಾದನೆಂಬುದನ್ನು ತಿಳಿಯಬಯಸುವ ವಿದ್ಯಾರ್ಥಿಯು ಅಭಿಲೇಖಾಲಯದ ಆ ಅರಿವೆಯ ಗಂಟನ್ನೇ ಬಿಚ್ಚಬೇಕಾಗಿದೆ.