ಕಿವಿಯೊಳಗಿನ ಗುಂಯ್...

ಬೀಥೋವನ್ ಕಿವುಡನಾದ ಕತೆ ಎಲ್ಲರಿಗೂ ಗೊತ್ತು. ಆದ್ರೆ ಕಿವುಡು ಪೂರ್ತಿ ಆವರಿಸೋ ಎಷ್ಟೋ ವರ್ಷ ಮೊದಲೇ ಅವನ ಕಿವಿಯಲ್ಲಿ ಹಗಲೂ ರಾತ್ರಿ ಗುಂಯ್ ಅನ್ನೋ ಸದ್ದು ಶುರುವಾಗಿತ್ತು. 1801ರ ಜೂನ್‌ನಲ್ಲಿ ಡಾಕ್ಟರ್ ಗೆಳೆಯ ವೆಗೆಲರ್‌ಗೆ ಬರೆದ ಪತ್ರದಲ್ಲಿ ಇದನ್ನ ತೋಡಿಕೊಂಡಿದ್ದಾನೆ. ಆಗ ಅವನಿಗೆ ಮೂವತ್ತು ವರ್ಷ, ಹೆಚ್ಚುಕಮ್ಮಿ ನನ್ನ ವಯಸ್ಸು! ವೈದ್ಯರು ಬಾದಾಮಿ ಎಣ್ಣೆ ಕೊಟ್ಟರು, ಡ್ಯಾನ್ಯೂಬ್ ನದಿ ನೀರಲ್ಲಿ ಬೆಚ್ಚಗಿನ ಸ್ನಾನ ಮಾಡಿಸಿದರು, ತೋಳಿಗೆ ಬೊಬ್ಬೆ ಬರಿಸುವ ತೊಗಟೆ ಕಟ್ಟಿದರು. ಕಿವಿ ಕೇಳಿಸುತ್ತಿಲ್ಲ ಅಂತ ಬಾಯಿಬಿಟ್ಟು ಹೇಳಲಾಗದೆ ಅವನು ಸುಮಾರು ಎರಡು ವರ್ಷ ಜನ ಸೇರೋ ಕಡೆ ಹೋಗೋದನ್ನೇ ಬಿಟ್ಟಿದ್ದ.

ಇದನ್ನೆಲ್ಲ ನಾನು ಹುಡುಕಿ ಓದಿದ್ದಕ್ಕೆ ಕಾರಣ, ಒಂದು ವರ್ಷದಿಂದ ನನ್ನ ಎರಡೂ ಕಿವಿಗಳಲ್ಲಿ ಸಣ್ಣಗೆ ಕುಯ್ಯೋ ಸದ್ದು. ಪರೀಕ್ಷೆ ಮಾಡಿದ ಡಾಕ್ಟರು "ಮಾತ್ರೆ ಇಲ್ಲ, ಅಭ್ಯಾಸ ಮಾಡ್ಕೊಳ್ಳಿ" ಅಂದ್ರು. ಅಭ್ಯಾಸ ಮಾಡ್ಕೊಳ್ಳೋದು ಅಂದ್ರೆ ಹೇಗೆ? ಹಿಂದಿನವರು ಏನು ಮಾಡ್ತಿದ್ರು?

ಕಾಯಿಲೆ ಹೊಸದೇನಲ್ಲ. ನಮ್ಮ ಆಯುರ್ವೇದದಲ್ಲಿ ಇದಕ್ಕೆ ಕರ್ಣನಾದ ಅಂತ ಹೆಸರಿದೆ. ಭೇರಿ, ಮೃದಂಗ, ಶಂಖದಂಥ ಸದ್ದು ಕೇಳುತ್ತೆ ಅನ್ನುತ್ತೆ ಮಾಧವನಿದಾನ. (ನನ್ನದು ಬರೀ ಪ್ರೆಷರ್ ಕುಕ್ಕರ್ :-)) ಅರಿಸ್ಟಾಟಲ್ ಹೆಸರಲ್ಲಿ ಬಂದಿರೋ ಒಂದು ಪ್ರಾಚೀನ ಗ್ರೀಕ್ ಗ್ರಂಥದಲ್ಲಿ, ಹೊರಗೆ ಸದ್ದು ಮಾಡಿದರೆ ಕಿವಿಯೊಳಗಿನ ಸದ್ದು ಯಾಕೆ ಅಡಗುತ್ತೆ ಅನ್ನೋ ಪ್ರಶ್ನೆ ಇದೆ. ಫ್ರಾನ್ಸಿನ ವೈದ್ಯ ಇತಾರ್ 1821ರಲ್ಲಿ ಇದನ್ನೇ ಚಿಕಿತ್ಸೆ ಮಾಡಿದ. ಒಲೆಗೆ ಹಸಿ ಸೌದೆ ಹಾಕಿ ಅದು ಚಿಟಪಟ, ಸುಂಯ್ ಅನ್ನೋದನ್ನ ಕೇಳ್ತಾ ಕೂತ್ಕೊಳ್ಳಿ ಅಂದ! ನನಗಂತೂ ಇವನು ಭಾರಿ ಇಷ್ಟವಾದ.

ಆದ್ರೆ ಮನಸ್ಸಲ್ಲಿ ಉಳಿದವನು ಬೊಹೀಮಿಯಾದ ಸಂಗೀತಗಾರ ಸ್ಮೆತಾನ. 1874ರ ಅಕ್ಟೋಬರ್ ಹೊತ್ತಿಗೆ ಅವನ ಎರಡೂ ಕಿವಿ ಹೋದವು. ಪ್ರಾಗ್‌ನ ರಂಗಮಂದಿರದ ಕೆಲಸ ಬಿಡಬೇಕಾಯ್ತು. ಅದೇ ವರ್ಷದ ಕೊನೆಗೆ ಅವನು ವ್ಲ್ತಾವಾ ನದಿಯ ಮೇಲಿನ ತನ್ನ ಪ್ರಸಿದ್ಧ ಕೃತಿ ಬರೆದು ಮುಗಿಸಿದ, ಒಂದು ಸ್ವರವೂ ಕೇಳಿಸದೆ. 1876ರಲ್ಲಿ 'ನನ್ನ ಬದುಕಿನಿಂದ' ಅನ್ನೋ ಹೆಸರಿನ ತಂತಿವಾದ್ಯಗಳ ಕೃತಿ ರಚಿಸಿದ. ಅದರ ಕೊನೆಯ ಭಾಗ ಕುಣಿತದ ಹಾಗೆ ಓಡ್ತಾ ಇರುತ್ತೆ. ಇದ್ದಕ್ಕಿದ್ದಂತೆ ಎಲ್ಲಾ ನಿಂತು, ಕೆಳಗೆ ಉಳಿದ ವಾದ್ಯಗಳು ನಡುಗ್ತಾ, ಮೇಲೆ ಒಂದೇ ಪಿಟೀಲು ತೀರಾ ಎತ್ತರದ ಒಂದು ಸ್ವರ ಹಿಡಿದು ನಿಲ್ಲುತ್ತೆ. ಅದು ಕಿವುಡಿಗೆ ಮುಂಚೆ ತನ್ನ ಕಿವಿಯಲ್ಲಿ ಕೂಗಿದ ಸದ್ದು ಅಂತ ಅವನೇ ಬರೆದಿದ್ದಾನೆ. ಬೀಥೋವನ್ ಬಚ್ಚಿಟ್ಟಿದ್ದನ್ನ ಇವನು ಸಭೆಯಲ್ಲಿ ಕೂತವರಿಗೆಲ್ಲ ಕೇಳಿಸಿಬಿಟ್ಟ.

20ನೇ ಶತಮಾನದಲ್ಲಿ ಕಿವಿಯ ನರ ಕತ್ತರಿಸಿದರೂ ಹಲವರಿಗೆ ಸದ್ದು ನಿಲ್ಲಲಿಲ್ಲ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಕಿವಿ ಚೆನ್ನಾಗಿರೋ 80 ಜನರನ್ನ ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿದರೆ 94% ಜನಕ್ಕೆ ಏನಾದರೊಂದು ಸದ್ದು ಕೇಳಿಸಿತು! ಅಂದ್ರೆ ವಿಷಯ ಬರೀ ಕಿವಿಯದ್ದಲ್ಲ. ಒಳಗಿವಿಯ ಸಂಕೇತ ಕಮ್ಮಿಯಾದಾಗ ಮಿದುಳು ತಾನೇ ವಾಲ್ಯೂಮ್ ಏರಿಸುತ್ತೆ ಅಂತ ಈಗಿನ ವಿವರಣೆ. ಸ್ಟೇಷನ್ ಸಿಗದ ರೇಡಿಯೋದ ಗೊರಗೊರ ಇದ್ದಂಗೆ. 1990ರಲ್ಲಿ ಯಾಸ್ಟ್ರೆಬಾಫ್ ಅನ್ನೋ ವಿಜ್ಞಾನಿ, ಸದ್ದಿಗೆ ಮಿದುಳು ಹೆದರೋದನ್ನ ಬಿಡಿಸಿದರೆ ಅದು ಹಿಂದಕ್ಕೆ ಸರಿಯುತ್ತೆ ಅನ್ನೋ ಚಿಕಿತ್ಸೆಗೆ ದಾರಿ ಹಾಕಿದರು. ಸದ್ದಿನಿಂದಾಗುವ ಸಂಕಟ ಕಮ್ಮಿ ಮಾಡೋಕೆ ಮನಶ್ಶಾಸ್ತ್ರದ ತರಬೇತಿ ಕೆಲಸ ಮಾಡುತ್ತೆ ಅನ್ನೋದಕ್ಕೂ ಈಗ ಒಳ್ಳೆ ಆಧಾರ ಇದೆ.

(ಒಂದೇ ಕಿವಿಯಲ್ಲಿ ಸದ್ದು, ನಾಡಿಬಡಿತದ ಜೊತೆ ಬಡಿಯೋದು, ದಿಢೀರ್ ಕಿವುಡು - ಇವಿದ್ದರೆ ಮಾತ್ರ ಬ್ಲಾಗ್ ಓದ್ತಾ ಕೂರಬೇಡಿ, ಡಾಕ್ಟರ ಹತ್ರ ಹೋಗಿ.)

ಇತಾರ್‌ನ ಹಸಿ ಸೌದೆ ಜಾಗದಲ್ಲಿ ನನಗೀಗ ಟೇಬಲ್ ಫ್ಯಾನ್. ಸಣ್ಣ ಸ್ಪೀಡಲ್ಲಿ, ಒಳಗಿನ ಸದ್ದೂ ಸ್ವಲ್ಪ ಕೇಳೋ ಹಾಗೆ. ಮಳೆ ಬಂದ ರಾತ್ರಿ ಅದೂ ಬೇಡ, ಕಿಟಕಿ ತೆಗೆದರೆ ಸಾಕು.